ಅರ್ಜಿ ಬರೆಯುವವರ ಮೇಜಿನ ಮುಂದೆ: ಹಾಸನದ ಒಂದು ಸೇವೆಯ ವಿಮರ್ಶೆ

ಹಾಸನದ ಸರ್ಕಾರಿ ಕಚೇರಿಗಳ ಆವರಣದ ಹೊರಗೆ ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ಬಿಳಿ ಹಾಳೆಯ ಕಟ್ಟು, ಹೆಬ್ಬೆಟ್ಟಿನ ಶಾಯಿಯ ಡಬ್ಬಿ ಇಟ್ಟುಕೊಂಡು ಸಾರ್ವಜನಿಕರಿಗೆ ಅರ್ಜಿ ಬರೆದುಕೊಡುವವರು ಹಲವರಿದ್ದಾರೆ. ಅವರಲ್ಲಿ ಹಿರಿಯರೊಬ್ಬರ ಕೆಲಸವನ್ನು ಈಚೆಗೆ ಹತ್ತಿರದಿಂದ ನೋಡುವ ಅವಕಾಶ ನನಗೆ ಒದಗಿತು. ಆಲೂರು ಕಡೆಯ ನನ್ನ ಸೋದರತ್ತೆಯ ತೋಟಕ್ಕೆ ಆನೆಗಳು ನುಗ್ಗಿ ಬೆಳೆ ಹಾಳು ಮಾಡಿದ್ದವು. ಪರಿಹಾರದ ಅರ್ಜಿ ಬರೆಸಲು ಅತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋದವಳು ನಾನು. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನಾನೇ ಒಂದು ಅರ್ಜಿ ಬರೆದುಕೊಡಬಹುದಿತ್ತಲ್ಲ ಎಂದು ಕೇಳಿದವರಿದ್ದಾರೆ. ಬರೆಯಬಹುದಿತ್ತು, ಆದರೆ ಅವರಷ್ಟು ಚೆನ್ನಾಗಿ ಬರೆಯಲು ನನ್ನಿಂದ ಆಗುತ್ತಿರಲಿಲ್ಲ. ಏಕೆ ಆಗುತ್ತಿರಲಿಲ್ಲ ಎಂಬುದನ್ನು ವಿವರಿಸಿದರೆ ಈ ಸೇವೆಯ ಬೆಲೆ ತಿಳಿಯುತ್ತದೆ.

ಇಂಥ ಸೇವೆಯನ್ನು ಅಳೆಯಲು ಜನ ಸಾಮಾನ್ಯವಾಗಿ ನೋಡುವುದು ಅಕ್ಷರ ದುಂಡಾಗಿದೆಯೇ, ಎಷ್ಟು ಹಣ ಕೇಳುತ್ತಾರೆ, ಎಷ್ಟು ಹೊತ್ತು ಕಾಯಿಸುತ್ತಾರೆ ಎಂಬುದನ್ನು. ನನ್ನ ಅಳತೆ ಬೇರೆ. ಮನೆಯ ಜಗಲಿಯ ಮೇಲೆ, ಸಂಕಟದಲ್ಲಿ, ತನ್ನವರ ಮುಂದೆ ಹೇಳಿಕೊಂಡ ಮಾತನ್ನು ಆ ಮನೆಯನ್ನೂ ಆ ಮುಖವನ್ನೂ ನೋಡದ ಅಧಿಕಾರಿಯೊಬ್ಬರು ಕಡತದಲ್ಲಿ ಓದಿ ಆದೇಶ ಬರೆಯುವಂತೆ ಮಾಡಬೇಕು. ಒಂದು ಸಂದರ್ಭದ ಮಾತು ಇನ್ನೊಂದು ಸಂದರ್ಭದಲ್ಲಿ ಜೀವ ಹಿಡಿದು ನಿಲ್ಲಬೇಕು. ಭಾಷೆಗೂ ಸಂದರ್ಭಕ್ಕೂ ಇರುವ ಈ ನಂಟನ್ನೇ ಅಧ್ಯಯನ ಮಾಡುವ ಶಿಸ್ತಿಗೆ ಸಂಕಥನ ವಿಶ್ಲೇಷಣೆ ಎಂದು ಹೆಸರು. ಆ ಶಿಸ್ತು ಪುಸ್ತಕದಲ್ಲಿ ಹೇಳುವ ಬಹಳಷ್ಟು ಸಂಗತಿಗಳನ್ನು ಆ ಮೇಜಿನ ಹಿಂದೆ ಕುಳಿತ ಹಿರಿಯರು ಕೈಯಲ್ಲಿ ಮಾಡಿ ತೋರಿಸುತ್ತಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಶಿಸ್ತಿನ ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಅಮೆರಿಕದ ಭಾಷಾವಿಜ್ಞಾನಿ ಜೆಲ್ಲಿಗ್ ಹ್ಯಾರಿಸ್ 1952ರಲ್ಲಿ ಈ ಹೆಸರಿನಲ್ಲೇ ಲೇಖನವೊಂದನ್ನು ಪ್ರಕಟಿಸಿ, ವ್ಯಾಕರಣವು ಒಂದು ವಾಕ್ಯಕ್ಕೆ ಬಂದು ನಿಲ್ಲಬಾರದು, ವಾಕ್ಯ ವಾಕ್ಯಗಳು ಹೆಣೆದುಕೊಳ್ಳುವ ಬಗೆಯನ್ನೂ ನೋಡಬೇಕು ಎಂದರು. ಅದಕ್ಕೂ ಮೊದಲು, 1923ರಲ್ಲಿ, ಮಾನವಶಾಸ್ತ್ರಜ್ಞ ಬ್ರೋನಿಸ್ಲಾವ್ ಮಲಿನೋವ್‌ಸ್ಕಿ ನ್ಯೂಗಿನಿಯ ಬಳಿಯ ಟ್ರೋಬ್ರಿಯಂಡ್ ದ್ವೀಪದ ಜನರ ಮಾತನ್ನು ಅರ್ಥೈಸಲು ಹೊರಟಾಗ, ಪದಗಳ ಅರ್ಥ ಗೊತ್ತಿದ್ದರೆ ಸಾಲದು, ದೋಣಿಯಲ್ಲಿ ಮೀನು ಹಿಡಿಯುವವರು ಆ ಮಾತನ್ನು ಯಾವ ಕೆಲಸದ ನಡುವೆ ಆಡಿದರೆಂಬುದು ಗೊತ್ತಿರಬೇಕು ಎಂದು ಬರೆದರು. ‘ಸನ್ನಿವೇಶದ ಸಂದರ್ಭ’ ಎಂಬ ಅವರ ಪರಿಕಲ್ಪನೆಯನ್ನು ಲಂಡನ್ನಿನ ಜೆ. ಆರ್. ಫರ್ತ್ ಭಾಷಾವಿಜ್ಞಾನಕ್ಕೆ ತಂದರು. ಫರ್ತ್ ಅವರ ಶಿಷ್ಯ ಎಂ. ಎ. ಕೆ. ಹ್ಯಾಲಿಡೆ ಅದನ್ನು ಮೂರು ಎಳೆಗಳಾಗಿ ಬಿಡಿಸಿದರು: ನಡೆಯುತ್ತಿರುವ ವ್ಯವಹಾರ ಏನು, ಅದರಲ್ಲಿ ಯಾರು ಯಾರಿಗೆ ಏನಾಗಬೇಕು, ಮಾತು ಬಾಯಿಂದ ಬರುತ್ತಿದೆಯೋ ಬರಹದಲ್ಲಿದೆಯೋ. ನಮ್ಮ ಕಾವ್ಯಮೀಮಾಂಸಕರಿಗೂ ಇದು ಹೊಸದಾಗಿರಲಿಲ್ಲ. ‘ಸೂರ್ಯ ಮುಳುಗಿದ’ ಎಂಬ ಒಂದೇ ವಾಕ್ಯವು ದನ ಕಾಯುವವನಿಗೆ ಮನೆಗೆ ಹೊರಡುವ ಹೊತ್ತನ್ನೂ, ಸಂಧ್ಯಾವಂದನೆ ಮಾಡುವವನಿಗೆ ಕರ್ಮದ ಹೊತ್ತನ್ನೂ, ಪ್ರಿಯನನ್ನು ಕಾಣಬೇಕಾದವಳಿಗೆ ಹೊರಡುವ ಹೊತ್ತನ್ನೂ ಹೇಳುತ್ತದೆ ಎಂಬ ಉದಾಹರಣೆಯನ್ನು ಅವರು ಶತಮಾನಗಳ ಹಿಂದೆಯೇ ಚರ್ಚಿಸಿದ್ದಾರೆ.

ಈಗ ಮೇಜಿನ ಮುಂದಿನ ಮಾತಿಗೆ ಬರುತ್ತೇನೆ. ಅತ್ತೆ ಕುರ್ಚಿಯ ತುದಿಯಲ್ಲಿ ಕುಳಿತು ಹೇಳಿದ್ದು ಹೆಚ್ಚುಕಡಿಮೆ ಹೀಗಿತ್ತು: “ಮೊನ್ನೆ ರಾತ್ರಿ ನಾಯಿ ಒಂದೇ ಸಮ ಬೊಗಳ್ತಿತ್ತು ಕಣಪ್ಪ. ಬೇಲಿ ಹತ್ರ ಏನೋ ಮುರಿದಂಗಾಯ್ತು. ಬ್ಯಾಟರಿ ಬಿಟ್ಟು ನೋಡ್ತೀವಿ, ಮೂರು ನಿಂತವೆ. ಒಂದು ಮರಿ. ನಮ್ಮೆಜಮಾನ್ರು ಇದ್ದಿದ್ರೆ ಪಟಾಕಿ ಹೊಡೆದು ಓಡಿಸ್ತಿದ್ರು. ನಾವು ಹೆಂಗಸ್ರು ಏನ್ ಮಾಡದು, ಬಾಗ್ಲಾಕ್ಕೊಂಡು ಕೂತ್ವಿ. ಬೆಳಿಗ್ಗೆ ನೋಡಿದ್ರೆ ಕೆಳಗಿನ ತೋಟದಲ್ಲಿ ಏನೂ ಉಳಿದಿಲ್ಲ. ಬಾಳೆ ಅಂತೂ ಪೂರ್ತಿ ಹೋಯ್ತು. ಮನೆ ಬಾಗ್ಲಿಗೆ ಬರಲಿಲ್ಲ, ಅದೇ ನಮ್ ಪುಣ್ಯ.”

ಈ ಮಾತು ನನಗೆ ಸಂಪೂರ್ಣವಾಗಿ ಅರ್ಥವಾಗುತ್ತದೆ, ಏಕೆಂದರೆ ನನಗೆ ಆ ಮನೆ ಗೊತ್ತು, ಕೆಳಗಿನ ತೋಟ ಯಾವುದೆಂದು ಗೊತ್ತು, ಯಜಮಾನರು ತೀರಿಕೊಂಡದ್ದು ಗೊತ್ತು. ಅರಣ್ಯ ಇಲಾಖೆಯ ಕಚೇರಿಯಲ್ಲಿ ಈ ಮಾತನ್ನು ಹೀಗೇ ಬರೆದುಕೊಟ್ಟರೆ ‘ಮೊನ್ನೆ’ ಎಂಬುದು ಯಾವ ದಿನವೂ ಆಗಬಹುದು, ‘ಕೆಳಗಿನ ತೋಟ’ ಎಲ್ಲಿಯೂ ಇರಬಹುದು. ನಾನು, ಇಲ್ಲಿ, ಈಗ, ಮೊನ್ನೆ, ಆಚೆ ಮುಂತಾದ ಮಾತುಗಳು ಆಡುವವರು ನಿಂತ ಜಾಗವನ್ನು ಕೇಂದ್ರವಾಗಿ ಇಟ್ಟುಕೊಂಡೇ ಅರ್ಥ ಕೊಡುತ್ತವೆ ಎಂಬುದನ್ನು ಮನೋವಿಜ್ಞಾನಿ ಕಾರ್ಲ್ ಬ್ಯೂಲರ್ 1934ರಲ್ಲಿ ವಿವರವಾಗಿ ತೋರಿಸಿದ್ದರು. ಆ ಕೇಂದ್ರ ಕೈತಪ್ಪಿದ ಕೂಡಲೇ ಮಾತು ನೆಲೆ ಕಳೆದುಕೊಳ್ಳುತ್ತದೆ. ಅರ್ಜಿ ಬರೆಯುವವರ ಮೊದಲ ಕೆಲಸವೇ ಈ ಕೇಂದ್ರವನ್ನು ಅತ್ತೆಯ ಜಗಲಿಯಿಂದ ಎತ್ತಿ ದಾಖಲೆಯ ನೆಲದ ಮೇಲೆ ಇಡುವುದು. ಅವರು ಗೋಡೆಯ ಕ್ಯಾಲೆಂಡರ್ ನೋಡಿ ‘ಮೊನ್ನೆ ರಾತ್ರಿ’ಯನ್ನು ದಿನಾಂಕವಾಗಿಸಿದರು, ಪಹಣಿ ನೋಡಿ ‘ಕೆಳಗಿನ ತೋಟ’ವನ್ನು ಸರ್ವೆ ನಂಬರು, ವಿಸ್ತೀರ್ಣ, ಗ್ರಾಮ, ಹೋಬಳಿಯಾಗಿಸಿದರು, ‘ಏನೂ ಉಳಿದಿಲ್ಲ’ ಎಂಬುದನ್ನು ಬಾಳೆ ಎಷ್ಟು ಬುಡ, ಕಾಫಿ ಎಷ್ಟು ಗಿಡ, ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಮರ ಎಷ್ಟು ಎಂದು ಕೇಳಿ ಕೇಳಿ ಬಿಡಿಸಿದರು. ಕೇಳುವಾಗ ಅವರ ದನಿಯಲ್ಲಿ ಅವಸರವಿರಲಿಲ್ಲ. ಅತ್ತೆ ಲೆಕ್ಕ ಹೇಳಲು ತಡವರಿಸಿದಾಗ, “ಒಂದು ಸಾಲಿಗೆ ಎಷ್ಟಮ್ಮ? ಎಷ್ಟು ಸಾಲು ತುಳಿದಿದೆ?” ಎಂದು ತೋಟದ ಲೆಕ್ಕದಲ್ಲಿಯೇ ಕೇಳಿದರು. ತೋಟದಲ್ಲಿ ನಡೆದಾಡುವವರ ನೆನಪಿನಲ್ಲಿ ಗಿಡಗಳು ಸಾಲು ಸಾಲಾಗಿ ಇರುತ್ತವೆ, ಒಟ್ಟು ಸಂಖ್ಯೆಯಾಗಿ ಇರುವುದಿಲ್ಲ ಎಂಬ ತಿಳಿವಳಿಕೆ ಇದ್ದವರು ಮಾತ್ರ ಹಾಗೆ ಕೇಳಬಲ್ಲರು.

ಆದರೆ ಈ ಸೇವೆಗೆ ನಾನು ಇಷ್ಟು ಗೌರವ ಕೊಡಲು ಕಾರಣವಾದದ್ದು ಇನ್ನೊಂದು ಸಂಗತಿ. “ನಮ್ಮೆಜಮಾನ್ರು ಇದ್ದಿದ್ರೆ” ಎಂಬ ಮಾತು ಬಂದ ಕೂಡಲೇ ಅವರು ಬರೆಯುವುದನ್ನು ನಿಲ್ಲಿಸಿ, “ಅಮ್ಮ, ಪಹಣಿ ಯಾರ ಹೆಸರಲ್ಲಿದೆ?” ಎಂದು ಕೇಳಿದರು. ಅತ್ತೆಯ ಕಥೆಯಲ್ಲಿ ಆ ಮಾತು ಬಂದದ್ದು ಧೈರ್ಯದ, ಒಂಟಿತನದ ವಿಷಯವಾಗಿ. ಆಸ್ತಿಯ ಪ್ರಸ್ತಾಪ ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ಆದರೂ ಯಜಮಾನರು ಇಲ್ಲ ಎಂದಮೇಲೆ ಜಮೀನಿನ ಖಾತೆ ಯಾರ ಹೆಸರಿಗೆ ಬಂದಿದೆ ಎಂಬ ಪ್ರಶ್ನೆ ಕಚೇರಿಯಲ್ಲಿ ಬಂದೇ ಬರುತ್ತದೆಂದು ಅವರಿಗೆ ಹೊಳೆಯಿತು. ನೋಡಿದರೆ ಪಹಣಿ ಇನ್ನೂ ಮಾವನ ಹೆಸರಿನಲ್ಲಿಯೇ ಇತ್ತು. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದು, ಆಗಿರಲಿಲ್ಲ. ಹೀಗಾಗಿ ಒಂದು ಅರ್ಜಿಗೆಂದು ಹೋದವರು ಎರಡು ಅರ್ಜಿ ಬರೆಸಿಕೊಂಡು ಬಂದೆವು: ಬೆಳೆ ಹಾನಿ ಪರಿಹಾರಕ್ಕಾಗಿ ವಲಯ ಅರಣ್ಯಾಧಿಕಾರಿಗಳಿಗೆ ಒಂದು, ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಲಗತ್ತಿಸಿ ಖಾತೆ ಬದಲಾವಣೆಗೆ ತಹಸೀಲ್ದಾರರಿಗೆ ಇನ್ನೊಂದು. ಪಕ್ಕದಲ್ಲೇ ಕುಳಿತಿದ್ದ ನನಗೆ ಆ ಮಾತು ಕೇಳಿಸಿತು, ಕಣ್ಣು ತುಂಬಿತು, ಪಹಣಿ ಮಾತ್ರ ನೆನಪಾಗಲಿಲ್ಲ. ನಾನು ಕೇಳಿದ್ದು ಸೋದರಸೊಸೆಯ ಕಿವಿಯಿಂದ, ಅವರು ಕೇಳಿದ್ದು ಕಡತ ಬಲ್ಲವರ ಕಿವಿಯಿಂದ. ಹೇಳಿದ್ದಕ್ಕಿಂತ ಹೆಚ್ಚಿನದನ್ನು ಕೇಳುವವರು ಹೇಗೆ ಊಹಿಸಿಕೊಳ್ಳುತ್ತಾರೆ ಎಂಬುದನ್ನು ವಿವರಿಸಲು ದಾರ್ಶನಿಕ ಪಾಲ್ ಗ್ರೈಸ್, ಮಾತಾಡುವವರು ಪರಸ್ಪರ ಸಹಕರಿಸುತ್ತಾರೆಂಬ ನಂಬಿಕೆಯೇ ಮಾತುಕತೆಗೆ ಆಧಾರ ಎಂಬ ಸಹಕಾರ ತತ್ವವನ್ನು ಮುಂದಿಟ್ಟರು. 1967ರ ಅವರ ಉಪನ್ಯಾಸ 1975ರಲ್ಲಿ ಅಚ್ಚಾಯಿತು. ಆ ಊಹೆ ಕೇಳುವವರ ಅನುಭವವನ್ನು ಅನುಸರಿಸಿ ಬೇರೆ ಬೇರೆ ದಿಕ್ಕಿಗೆ ಹೋಗುತ್ತದೆ ಎಂಬುದನ್ನು ನಾನು ಅಂದು ಆ ಮೇಜಿನ ಮುಂದೆ ಕಂಡೆ.

ಇನ್ನು ಕಥೆಯ ವಿಷಯ. ಭಾಷಾವಿಜ್ಞಾನಿ ವಿಲಿಯಂ ಲಬೋವ್ ಮತ್ತು ಅವರ ಜೊತೆಗಾರ ಜೋಶುವಾ ವಾಲೆಟ್ಸ್ಕಿ 1967ರಲ್ಲಿ ಜನರು ತಮಗಾದ ಅನುಭವವನ್ನು ಹೇಳುವ ಕಥನಗಳನ್ನು ಪರಿಶೀಲಿಸಿ, ಅವುಗಳಲ್ಲಿ ಘಟನೆಗಳ ಸರಣಿಯ ಜೊತೆಗೆ ‘ಇದು ಏಕೆ ಹೇಳಬೇಕಾದ ಮಾತು’ ಎಂದು ತಿಳಿಸುವ ಮೌಲ್ಯನಿರ್ಣಯದ ಭಾಗವೊಂದು ಇರುತ್ತದೆ ಎಂದು ತೋರಿಸಿದರು. ಅತ್ತೆಯ ಮಾತಿನಲ್ಲಿ ಬಾಗಿಲು ಹಾಕಿಕೊಂಡು ಕುಳಿತದ್ದು, ಪುಣ್ಯವೆಂದದ್ದು, ಯಜಮಾನರನ್ನು ನೆನೆದದ್ದು ಎಲ್ಲವೂ ಆ ಭಾಗಕ್ಕೆ ಸೇರಿದವು. ಅರ್ಜಿಯಲ್ಲಿ ಅವೆಲ್ಲ ಬಿದ್ದುಹೋದವು. ಉಳಿದದ್ದು “ದಿನಾಂಕದಂದು ರಾತ್ರಿ ಸುಮಾರು ಹನ್ನೊಂದು ಗಂಟೆಯ ವೇಳೆಗೆ ಕಾಡಾನೆಗಳು ಸದರಿ ಜಮೀನಿಗೆ ನುಗ್ಗಿ ಈ ಕೆಳಕಂಡ ಬೆಳೆಗಳನ್ನು ನಾಶಪಡಿಸಿರುತ್ತವೆ” ಎಂಬ ಒಂದು ವಾಕ್ಯ ಮತ್ತು ಅದರ ಕೆಳಗಿನ ಪಟ್ಟಿ. ಬಹುಪಾಲು ಸಂದರ್ಭಗಳಲ್ಲಿ ಇದು ಸರಿಯಾದ ನಿರ್ಧಾರವೇ ಎಂದು ನಾನು ಒಪ್ಪುತ್ತೇನೆ. ಸ್ಥಳ ತನಿಖೆಗೆ ಬರುವವರಿಗೆ ಬೇಕಾದದ್ದು ಪಟ್ಟಿ. ಆದರೆ ಒಂದು ಮಾತು ಬೀಳಬಾರದಾಗಿತ್ತು. ಬಾಳೆ ಹೋದರೆ ವರ್ಷದೊಳಗೆ ಮತ್ತೆ ಬರುತ್ತದೆ. ಫಸಲು ಕೊಡುತ್ತಿದ್ದ ಕಾಫಿ ಗಿಡ ಬುಡಸಮೇತ ಮುರಿದರೆ ಹೊಸ ಸಸಿ ನೆಟ್ಟು ಫಸಲು ಕಾಣಲು ಮೂರು ನಾಲ್ಕು ವರ್ಷ ಬೇಕು. ಅತ್ತೆ ಇದನ್ನು “ಇನ್ ನಾಕ್ ವರ್ಷ ಯಾರ್ ಕಾಯ್ತಾರಪ್ಪ” ಎಂದು ನಿಟ್ಟುಸಿರಿನಲ್ಲಿ ಹೇಳಿದ್ದರು. ಅದು ನಿಟ್ಟುಸಿರಿನ ರೂಪದಲ್ಲಿ ಬಂದದ್ದರಿಂದ ಬರೆಯುವವರು ಅದನ್ನೂ ಭಾವನೆಯ ಲೆಕ್ಕಕ್ಕೆ ಹಾಕಿ ಬಿಟ್ಟರು. ವಾಸ್ತವವಾಗಿ ಅದು ನಷ್ಟದ ಪ್ರಮಾಣವನ್ನು ಹೇಳುವ ಮಾತು. ನಾನು ಸೂಚಿಸಿದ ಮೇಲೆ, “ಸೇರಿಸೋಣ ಮೇಡಂ, ಅದು ಹೇಳಬೇಕಾದ್ದೇ” ಎಂದು ಒಂದು ಸಾಲು ಸೇರಿಸಿದರು. ಜೊತೆಯಲ್ಲಿ ಯಾರೂ ಇಲ್ಲದ ರೈತರ ಅರ್ಜಿಯಲ್ಲಿ ಇಂಥ ಸಾಲುಗಳು ತಪ್ಪಿಹೋಗುವ ಸಾಧ್ಯತೆ ಇದೆ. ಆದ್ದರಿಂದ ಬರೆಸುವವರು ತಮ್ಮ ನಷ್ಟದ ಮುಖ್ಯ ಮಾತನ್ನು ಬಿಡಿಯಾಗಿ, ಒತ್ತಿ ಹೇಳಬೇಕು.

ಇದೇ ಸಾಲಿನ ಒಂದು ಜೆರಾಕ್ಸ್ ಅಂಗಡಿಯಲ್ಲಿಯೂ ಅರ್ಜಿ ಸಿಗುತ್ತದೆ. ಅಲ್ಲಿ ಗಣಕಯಂತ್ರದಲ್ಲಿ ಮೊದಲೇ ಸಿದ್ಧಪಡಿಸಿಟ್ಟ ಮಾದರಿಗೆ ಹೆಸರು, ಊರು, ಸರ್ವೆ ನಂಬರು ತುಂಬಿ ಅಚ್ಚು ಹಾಕಿ ಕೊಡುತ್ತಾರೆ. ಬೇಗ ಆಗುತ್ತದೆ, ನೋಡಲು ಅಚ್ಚುಕಟ್ಟಾಗಿಯೂ ಇರುತ್ತದೆ. ಅಲ್ಲಿ ಬರೆಸಿಕೊಂಡು ಬಂದ ಮಹಿಳೆಯೊಬ್ಬರ ಅರ್ಜಿಯನ್ನು ನಮ್ಮ ಹಿರಿಯರು ಸರಿಪಡಿಸುತ್ತಿದ್ದುದನ್ನು ನಾನು ನೋಡಿದೆ. ಅದರಲ್ಲಿ “ಅರ್ಜಿದಾರನಾದ ನಾನು” ಎಂದಿತ್ತು, ವಿಷಯದ ಸಾಲಿನಲ್ಲಿ ಪೋಡಿ (ಜಮೀನನ್ನು ಅಳೆದು ಭಾಗ ಬೇರ್ಪಡಿಸುವುದು) ಎಂದಿತ್ತು, ಒಳಗಿನ ಒಕ್ಕಣೆ ಖಾತೆಯ ಬಗ್ಗೆ ಇತ್ತು. ಹಿಂದೆ ಯಾರಿಗೋ ಬರೆದುಕೊಟ್ಟ ಅರ್ಜಿಯ ಸಂದರ್ಭ ಈ ಹಾಳೆಯಲ್ಲಿ ಅಳಿಯದೆ ಉಳಿದುಕೊಂಡಿತ್ತು. ಒಂದೊಂದು ವಾಕ್ಯವನ್ನು ಬಿಡಿಯಾಗಿ ಓದಿದರೆ ವ್ಯಾಕರಣದ ದೋಷವೇನೂ ಇಲ್ಲ. ಒಟ್ಟಾಗಿ ಓದಿದರೆ ಯಾರು ಏನನ್ನು ಕೇಳುತ್ತಿದ್ದಾರೆ ಎಂಬುದೇ ತಿಳಿಯುವುದಿಲ್ಲ. ಹ್ಯಾಲಿಡೆ ಮತ್ತು ಭಾಷಾವಿಜ್ಞಾನಿ ರುಖೈಯಾ ಹಸನ್ 1976ರಲ್ಲಿ ಪಠ್ಯವೊಂದನ್ನು ಪಠ್ಯವಾಗಿಸುವ ಒಳಗಿನ ಹೆಣಿಗೆಯ ಬಗ್ಗೆ ಬರೆದದ್ದನ್ನು ವಿದ್ಯಾರ್ಥಿಗಳಿಗೆ ತಿಳಿಸಲು ನಾನು ಇನ್ನು ಮುಂದೆ ಇಂಥ ಹಾಳೆಯನ್ನೇ ಬಳಸುತ್ತೇನೆ. ಮಾದರಿ ಅರ್ಜಿ ಸಾಕಾಗುವ ಸರಳ ಕೆಲಸಗಳಿವೆ, ನಿಜ. ಪ್ರಕರಣದಲ್ಲಿ ಒಂದು ತಿರುವಿದ್ದರೂ ಮಾದರಿಯನ್ನು ನಂಬಬೇಡಿ.

ನನಗೆ ಒಪ್ಪಿಗೆಯಾಗದ ಅಂಶಕ್ಕೆ ಈಗ ಬರುತ್ತೇನೆ. ಅರ್ಜಿಯ ಕೊನೆಯಲ್ಲಿ ಅವರು, “ಬಡವಳೂ ವಿಧವೆಯೂ ಆದ ನನ್ನ ಮೇಲೆ ದಯೆಯಿಟ್ಟು ಪರಿಹಾರ ದೊರಕಿಸಿಕೊಡಬೇಕೆಂದು ತಮ್ಮಲ್ಲಿ ಕೈಮುಗಿದು ಬೇಡಿಕೊಳ್ಳುತ್ತೇನೆ” ಎಂದು ಬರೆದರು. ಕಾಡುಪ್ರಾಣಿಗಳಿಂದಾದ ಬೆಳೆ ಹಾನಿಗೆ ಪರಿಹಾರ ಕೊಡುವುದು ಸರ್ಕಾರವೇ ಆದೇಶಗಳ ಮೂಲಕ ಗೊತ್ತುಮಾಡಿರುವ ವ್ಯವಸ್ಥೆ. ದರವನ್ನೂ ಸರ್ಕಾರವೇ ನಿಗದಿ ಮಾಡಿದೆ. ಅದನ್ನು ಅಧಿಕಾರಿಯ ದಯೆಯೆಂಬಂತೆ ಏಕೆ ಬರೆಯಬೇಕು? ನಾರ್ಮನ್ ಫೇರ್‌ಕ್ಲಫ್ ಅವರಂಥ ವಿಮರ್ಶಾತ್ಮಕ ಸಂಕಥನ ವಿಶ್ಲೇಷಕರು 1980ರ ದಶಕದಿಂದ ಹೇಳುತ್ತಾ ಬಂದಿರುವುದು ಇದನ್ನೇ: ನಾವು ಆಡುವ ರೂಢಿಯ ಮಾತು ಇರುವ ಅಧಿಕಾರದ ಸಂಬಂಧವನ್ನು ತೋರಿಸುವುದರ ಜೊತೆಗೆ ಅದನ್ನು ಪ್ರತಿಸಲವೂ ಹೊಸದಾಗಿ ಗಟ್ಟಿಮಾಡುತ್ತದೆ. ಸಂದರ್ಭ ಮಾತನ್ನು ರೂಪಿಸಿದಂತೆ ಮಾತೂ ಸಂದರ್ಭವನ್ನು ರೂಪಿಸುತ್ತದೆ. ಬೇಡಿಕೊಳ್ಳುವ ಅರ್ಜಿಗಳನ್ನೇ ದಿನವೂ ಓದುವ ಮೇಜಿನಲ್ಲಿ ಕೊಡುವವನ ಗತ್ತು ಬೆಳೆಯದೆ ಇರುವುದು ಕಷ್ಟ.

ನಾನು ಇದನ್ನು ಅವರಲ್ಲಿ ವಿಚಾರಿಸಿದೆ. ಅವರು ಬೇಸರಪಡದೆ, “ಓದೋರೂ ಮನುಷ್ಯರಲ್ವಾ ಮೇಡಂ, ‘ಕೊಡಿ’ ಅಂತ ಬರೆದರೆ ಮುಖ ಗಂಟು ಹಾಕ್ಕೊಳ್ತಾರೆ” ಎಂದರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಭಾಷಾವಿಜ್ಞಾನಿಗಳಾದ ಪೆನೆಲೋಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ವಿನಯದ ಭಾಷೆಯ ಬಗ್ಗೆ ಮಾಡಿದ ಪ್ರಸಿದ್ಧ ಅಧ್ಯಯನದಲ್ಲಿ, ಮಾತನ್ನು ಕೇಳಿಸಿಕೊಳ್ಳುವವರ ಮೇಲೆ ಹೊರೆ ಹೆಚ್ಚಿದಷ್ಟೂ ಅವರಿಗೂ ನಮಗೂ ಅಧಿಕಾರದ ಅಂತರ ಹೆಚ್ಚಿದಷ್ಟೂ ಮಾತು ಸುತ್ತುಬಳಸಾಗುತ್ತದೆ, ತಗ್ಗುತ್ತದೆ ಎಂದಿದ್ದಾರೆ; ಅವರು ಆಧಾರವಾಗಿ ಬಳಸಿದ ಭಾಷೆಗಳಲ್ಲಿ ನಮ್ಮ ನೆರೆಯ ತಮಿಳೂ ಒಂದು. ಅರ್ಜಿ ಬರೆಯುವವರಿಗೆ ಈ ಅಂತರ ಪುಸ್ತಕದ ಮಾತಾಗಿರದೆ ನಿತ್ಯದ ಅನುಭವವಾಗಿದೆ. ಆದರೂ ವಿನಯಕ್ಕೂ ದೈನ್ಯಕ್ಕೂ ನಡುವೆ ಕನ್ನಡದಲ್ಲಿ ಬೇಕಾದಷ್ಟು ಜಾಗವಿದೆ. “ಸರ್ಕಾರದ ಆದೇಶದಂತೆ ಪರಿಹಾರ ಮಂಜೂರು ಮಾಡಬೇಕೆಂದು ತಮ್ಮನ್ನು ಕೋರುತ್ತೇನೆ” ಎಂದರೆ ಅಧಿಕಾರಿಗೆ ಸಲ್ಲಬೇಕಾದ ಗೌರವ ಸಲ್ಲುತ್ತದೆ, ಅತ್ತೆಯ ಮರ್ಯಾದೆಯೂ ಉಳಿಯುತ್ತದೆ. ಕರ್ನಾಟಕದಲ್ಲಿ 2011ರ ಸಕಾಲ ಕಾಯ್ದೆ ಬಂದಮೇಲೆ, ಅದರ ಪಟ್ಟಿಯಲ್ಲಿರುವ ಸೇವೆಗಳನ್ನು ಗೊತ್ತಾದ ಅವಧಿಯೊಳಗೆ ಪಡೆಯುವುದು ನಾಗರಿಕರ ಹಕ್ಕಾಗಿದೆ. ಕಾನೂನು ಬದಲಾದರೂ ಅರ್ಜಿಯ ಒಕ್ಕಣೆ ಹಳೆಯ ಕಾಲದಲ್ಲಿಯೇ ನಿಂತಿರುವುದು ನನಗೆ ನೋವಿನ ವಿಷಯ. ನಾನು ಕೇಳಿಕೊಂಡಿದ್ದರಿಂದ ಅವರು ಆ ವಾಕ್ಯವನ್ನು ಬದಲಾಯಿಸಿದರು. ನೀವೂ ಕೇಳಿದರೆ ಬದಲಾಯಿಸುತ್ತಾರೆ.

ಇನ್ನೊಂದು ಕೊರತೆ ಸಣ್ಣದಾಗಿ ಕಂಡರೂ ನನ್ನ ಮನಸ್ಸಿನಲ್ಲಿ ಉಳಿದಿದೆ. ಅರ್ಜಿ ಮುಗಿದ ಕೂಡಲೇ ಅವರು ಶಾಯಿಯ ಡಬ್ಬಿಯ ಮುಚ್ಚಳ ತೆಗೆದು ಅತ್ತೆಯ ಮುಂದೆ ಸರಿಸಿದರು. ಅತ್ತೆಗೆ ಸಹಿ ಮಾಡಲು ಬರುತ್ತದೆ. ಅತ್ತೆ ಏನೂ ಹೇಳದೆ ಪೆನ್ನಿಗೆ ಕೈ ಚಾಚಿದರು. ವಯಸ್ಸು, ಉಟ್ಟ ಸೀರೆ, ಮಾತಿನ ಧಾಟಿ ನೋಡಿ ಹೆಬ್ಬೆಟ್ಟು ಎಂದು ಅರ್ಜಿ ಬರೆಯುವವರು ಎಣಿಸಿದ್ದರು. ಟೂನ್ ವಾನ್ ಡೈಕ್ ಎಂಬ ವಿದ್ವಾಂಸರು, ಮಾತನ್ನು ನಿಯಂತ್ರಿಸುವ ಸಂದರ್ಭವೆಂಬುದು ಹೊರಗಿನ ಪರಿಸ್ಥಿತಿಯಾಗಿ ತಾನೇ ತಾನಾಗಿ ಕೆಲಸ ಮಾಡುವುದಿಲ್ಲ, ಆಡುವವರೂ ಕೇಳುವವರೂ ಆ ಪರಿಸ್ಥಿತಿಯ ಬಗ್ಗೆ ಮನಸ್ಸಿನಲ್ಲಿ ಕಟ್ಟಿಕೊಂಡ ಚಿತ್ರವೇ ಕೆಲಸ ಮಾಡುತ್ತದೆ ಎನ್ನುತ್ತಾರೆ. ಪಹಣಿಯ ಪ್ರಶ್ನೆಯನ್ನು ಹೊಳೆಯಿಸಿದ್ದೂ ಅಂಥ ಚಿತ್ರವೇ, ಶಾಯಿಯ ಡಬ್ಬಿಯನ್ನು ಸರಿಸಿದ್ದೂ ಅಂಥ ಚಿತ್ರವೇ. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಮಹಿಳೆಯರು ಜಿಲ್ಲಾಧಿಕಾರಿಗೆ ಅರ್ಜಿ ಕೊಡುವುದನ್ನು ಅಧ್ಯಯನ ಮಾಡಿ ಮಾನವಶಾಸ್ತ್ರಜ್ಞ ಫ್ರಾನ್ಸಿಸ್ ಕೋಡಿ 2009ರಲ್ಲಿ ಬರೆದ ಲೇಖನದಲ್ಲಿ ಸಹಿ ಮಾಡುವ ಕ್ರಿಯೆಗೆ ಎಷ್ಟು ಮಹತ್ವವಿದೆ ಎಂಬುದನ್ನು ಓದಿದವರಿಗೆ, ಆ ಡಬ್ಬಿ ಸರಿಸುವ ಮೊದಲು “ಸಹಿ ಮಾಡ್ತೀರಾ ಅಮ್ಮ?” ಎಂದು ಕೇಳುವುದು ಎಷ್ಟು ಅಗತ್ಯ ಎಂದು ಬೇರೆ ಹೇಳಬೇಕಾಗಿಲ್ಲ.

ಸಹಿ ಮತ್ತು ಮೊಹರಿನ ವಿಷಯದಲ್ಲಿ ಅವರ ತಿಳಿವಳಿಕೆ ಮಾತ್ರ ಬಹಳ ಗಟ್ಟಿಯಾದದ್ದು. ಎರಡು ಪ್ರತಿ ಮಾಡಿಸಿ, ಒಂದನ್ನು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿಯ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ ಎಂದು ಅವರು ಪ್ರತಿಯೊಬ್ಬರಿಗೂ ಹೇಳುತ್ತಾರೆ. ದಾರ್ಶನಿಕ ಜೆ. ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ, 1962ರಲ್ಲಿ ಪುಸ್ತಕವಾದ ಉಪನ್ಯಾಸಗಳಲ್ಲಿ, ಕೆಲವು ಮಾತುಗಳು ಸುದ್ದಿ ಹೇಳುವ ಬದಲು ಕೆಲಸವನ್ನೇ ಮಾಡಿಬಿಡುತ್ತವೆ, ಆದರೆ ಸರಿಯಾದ ವ್ಯಕ್ತಿ ಸರಿಯಾದ ಕ್ರಮದಲ್ಲಿ ಆಡಿದರೆ ಮಾತ್ರ ಆ ಕೆಲಸ ಸಿದ್ಧಿಸುತ್ತದೆ ಎಂದರು. ಇದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಕ್ರಿ.ಶ. 450ರ ಸುಮಾರಿನದೆಂದು ಸಾಮಾನ್ಯವಾಗಿ ಹೇಳಲಾಗುವ ಶಾಸನವೂ ಅಂಥ ಮಾತೇ. ವಿಜ ಅರಸನ ಶೌರ್ಯಕ್ಕೆ ಊರುಗಳನ್ನು ಬಾಳ್ಗಳ್ಚಾಗಿ (ವೀರನ ಕತ್ತಿ ತೊಳೆದು ಕೊಡುವ ದತ್ತಿಯಾಗಿ) ಕೊಟ್ಟದ್ದನ್ನು ಅದು ಹೇಳುತ್ತದೆ, ಆಳುವವರ ಹೆಸರನ್ನು ಎತ್ತುತ್ತದೆ, ಕೊಟ್ಟದ್ದನ್ನು ಕೆಡಿಸಿದವರಿಗೆ ಮಹಾಪಾತಕವೆಂದು ಕಟ್ಟು ಹಾಕುತ್ತದೆ. ಕೊಟ್ಟವರೂ ಪಡೆದವರೂ ಕಣ್ಮರೆಯಾದ ಮೇಲೂ ದತ್ತಿ ನಿಲ್ಲಬೇಕೆಂದು ಅದಕ್ಕೆ ಬೇಕಾದ ಸಂದರ್ಭವನ್ನೆಲ್ಲ ಕಲ್ಲಿನೊಳಗೇ ತುಂಬಿದರು. ಮೊಹರಿಲ್ಲದ ಅರ್ಜಿ ಕಚೇರಿಯ ದೃಷ್ಟಿಯಲ್ಲಿ ಸಲ್ಲಿಸದ ಅರ್ಜಿ. ಅದರಲ್ಲಿ ಎಷ್ಟು ಸತ್ಯವಿದ್ದರೂ ಕೆಲಸ ಮಾತ್ರ ಆಗುವುದಿಲ್ಲ.

ಒಳಗೆ ಹೋದಾಗ ಹೇಗೆ ಮಾತಾಡಬೇಕೆಂಬುದನ್ನೂ ಅವರು ಹೇಳಿಕೊಡುತ್ತಾರೆ, ಅದಕ್ಕೆ ಬೇರೆ ಹಣ ಕೇಳುವುದಿಲ್ಲ. “ಒಳಗೆ ಹೋಗಿ ನಾಯಿ ಬೊಗಳಿದ್ದರಿಂದ ಶುರು ಮಾಡಬೇಡಿ ಅಮ್ಮ. ‘ಆನೆ ಹಾನಿ ಅರ್ಜಿ, ಸ್ಥಳ ತನಿಖೆಗೆ ಯಾವತ್ತು ಬರ್ತೀರಿ ಸಾರ್’ ಅಂತ ಕೇಳಿ, ಅಷ್ಟು ಸಾಕು” ಎಂದರು. ದನಿ ತಗ್ಗಿಸಿ ಕೇಳಿ ಎಂದೂ ಸೇರಿಸಿದರು. ತೋಟದಲ್ಲಿ ದೂರದವರನ್ನು ಕೂಗಿ ಮಾತಾಡಿ ರೂಢಿಯಾದ ದನಿ ಕಚೇರಿಯ ಕೋಣೆಯಲ್ಲಿ ಜಗಳದಂತೆ ಕೇಳಿಸುತ್ತದೆ ಎಂಬುದು ಅವರ ಅನುಭವ. ಭಾಷಾವಿಜ್ಞಾನಿ ಜಾನ್ ಗಂಪರ್ಜ್ 1982ರಲ್ಲಿ ಪ್ರಕಟಿಸಿದ ಒಂದು ಪ್ರಸಂಗ ನನಗೆ ಆಗ ನೆನಪಾಯಿತು. ಬ್ರಿಟನ್ನಿನ ದೊಡ್ಡ ವಿಮಾನ ನಿಲ್ದಾಣವೊಂದರ ಸಿಬ್ಬಂದಿಯ ಊಟದ ಕೋಣೆಯಲ್ಲಿ ಬಡಿಸುತ್ತಿದ್ದ ಭಾರತ ಮತ್ತು ಪಾಕಿಸ್ತಾನ ಮೂಲದ ಹೆಂಗಸರು ಗ್ರೇವಿ ಬೇಕೇ ಎಂದು ಕೇಳುವಾಗ ದನಿಯನ್ನು ಕೊನೆಯಲ್ಲಿ ಏರಿಸುವ ಬದಲು ಇಳಿಸುತ್ತಿದ್ದರು. ಅವರ ಮಟ್ಟಿಗೆ ಅದು ಸಹಜವಾದ ಪ್ರಶ್ನೆ, ಅಲ್ಲಿಯವರ ಕಿವಿಗೆ ಒರಟುತನ. ಬೇಸರದ ಮೂಲ ದನಿಯ ಏರಿಳಿತದಲ್ಲಿದೆ ಎಂದು ಧ್ವನಿಮುದ್ರಣ ಕೇಳಿಸಿ ಚರ್ಚಿಸಿದ ಮೇಲೆ ಇಬ್ಬರಿಗೂ ತಿಳಿಯಿತು. ದನಿ, ಬಿಡುವು, ಮಾತಿನ ಮೊದಲು ಏನು ಹೇಳುತ್ತೇವೆಂಬ ಕ್ರಮ ಇವೆಲ್ಲ ಕೇಳುವವರಿಗೆ ಸಂದರ್ಭದ ಸುಳಿವುಗಳು ಎಂಬ ಗಂಪರ್ಜ್ ಅವರ ಸಿದ್ಧಾಂತವನ್ನು ಈ ಹಿರಿಯರು ಓದಿರಲಾರರು. ಆದರೆ ಕಚೇರಿಯಿಂದ ಅತ್ತು ಹೊರಬಂದವರನ್ನು ಅವರು ವರ್ಷಗಟ್ಟಲೆ ನೋಡಿದ್ದಾರೆ. ಬೆಲ್ಜಿಯಮ್ಮಿಗೆ ಆಶ್ರಯ ಕೋರಿ ಬಂದ ಆಫ್ರಿಕದವರ ಹೇಳಿಕೆಗಳನ್ನು ಪರಿಶೀಲಿಸಿ ಭಾಷಾವಿಜ್ಞಾನಿ ಯಾನ್ ಬ್ಲೊಮಾರ್ಟ್ 2001ರಲ್ಲಿ ತೋರಿಸಿದ್ದೂ ಇದೇ ಅನ್ಯಾಯವನ್ನು: ಕಚೇರಿ ನಿರೀಕ್ಷಿಸುವ ಕ್ರಮದಲ್ಲಿ ಕಥೆ ಹೇಳಲು ಬಾರದವರ ಕಥೆ, ಅದು ನಿಜವಾದರೂ, ದಾಖಲೆಯಿಂದ ದಾಖಲೆಗೆ ಹೋಗುತ್ತಾ ಅವರ ಕೈತಪ್ಪುತ್ತದೆ. ಆ ನಷ್ಟವನ್ನು ಸ್ವಲ್ಪಮಟ್ಟಿಗಾದರೂ ತಡೆಯುವವರು ಇಂಥ ಮೇಜಿನ ಹಿಂದೆ ಕುಳಿತವರು ಎಂಬ ಕಾರಣಕ್ಕೆ ನಾನು ಈ ಸೇವೆಯನ್ನು ಮನಸಾರೆ ಶಿಫಾರಸು ಮಾಡುತ್ತೇನೆ.

ಬರೆಸಲು ಹೋಗುವವರಿಗೆ ಕೆಲವು ಸೂಚನೆಗಳು. ಪಹಣಿ, ಆಧಾರ್, ಬ್ಯಾಂಕ್ ಪುಸ್ತಕದ ಪ್ರತಿಗಳು, ಹಾನಿಯಾದ ಜಾಗದ ಫೋಟೋಗಳು ಕೈಯಲ್ಲಿರಲಿ. ಹಿಂದೆ ಕೊಟ್ಟ ಅರ್ಜಿ ಇದ್ದರೆ ಅದನ್ನು ತಪ್ಪದೆ ಒಯ್ಯಿರಿ. ‘ಉಲ್ಲೇಖ’ ಎಂಬ ಸಾಲಿನಲ್ಲಿ ಅದರ ದಿನಾಂಕ ಬಂದರೆ ಹೊಸ ಅರ್ಜಿ ಹಳೆಯ ಕಡತದೊಂದಿಗೆ ಸೇರಿಕೊಳ್ಳುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೆ ಇವರನ್ನು ಹುಡುಕುವ ಅಗತ್ಯವೇ ಇಲ್ಲದಿರಬಹುದು,  ಏಕೆಂದರೆ 2005ರ ಕಾಯ್ದೆಯ 6ನೇ ಕಲಮಿನ ಪ್ರಕಾರ ಬರೆಯಲು ಬಾರದವರ ಕೋರಿಕೆಯನ್ನು ಬರಹಕ್ಕಿಳಿಸಲು ನೆರವಾಗುವುದು ಮಾಹಿತಿ ಅಧಿಕಾರಿಯದೇ ಕರ್ತವ್ಯ. ನಮ್ಮ ಎರಡು ಅರ್ಜಿಗಳಿಗೆ ಅವರು ತೆಗೆದುಕೊಂಡದ್ದು ಒಟ್ಟು 150 ರೂಪಾಯಿ, ಜೆರಾಕ್ಸ್ ಖರ್ಚು ಬೇರೆ. ಸೋಮವಾರ ಬೆಳಿಗ್ಗೆ ಜನ ಹೆಚ್ಚು. ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ ಹೋದರೆ ಅವರಿಗೂ ನಿಧಾನವಾಗಿ ಕೇಳಲು ಬಿಡುವಿರುತ್ತದೆ. ಬರೆದಾದ ಮೇಲೆ ಅವರು ತಾವಾಗಿ ಓದಿ ಹೇಳುವುದಿಲ್ಲ. ಸಹಿ ಹಾಕುವ ಮೊದಲು ಪೂರ್ತಿ ಅರ್ಜಿಯನ್ನು ಗಟ್ಟಿಯಾಗಿ ಓದಿಸಿ ಕೇಳಿರಿ, ನೀವು ಹೇಳಿದ ಮುಖ್ಯವಾದ ಮಾತು ಬಿಟ್ಟುಹೋಗಿದ್ದರೆ ಅಲ್ಲಿಯೇ ಸೇರಿಸಲು ಹೇಳಿರಿ.